ಹೊತ್ತು ನೋಡಿ ಉಣ್ಣಬೇಕಾದ ಸೀಮೆ

ಉಡುಪಿಯಿಂದ ಉತ್ತರಕ್ಕೆ ಹೊರಟ ಕಾರು ಬ್ರಹ್ಮಾವರ ದಾಟಿ, ಮಾಬುಕಳದಲ್ಲಿ ಸೀತಾನದಿಯ ಸೇತುವೆ ಹತ್ತಿ ಇಳಿದು, ಕೋಟ, ಕುಂದಾಪುರ, ಮರವಂತೆ, ಬೈಂದೂರುಗಳನ್ನು ಹಿಂದಿಕ್ಕಿ ಶಿರೂರು ಮುಟ್ಟಲು ಒಂದೂವರೆ ತಾಸು ಸಾಕು. ರಾಷ್ಟ್ರೀಯ ಹೆದ್ದಾರಿ 66 ಅಗಲವಾದ ಮೇಲೆ ಗೋವಾಕ್ಕೋ ಮುರ್ಡೇಶ್ವರಕ್ಕೋ ಹೊರಟವರು ಬ್ರಹ್ಮಾವರ, ಕುಂದಾಪುರ, ಬೈಂದೂರು ಎಂಬ ಈ ಮೂರು ತಾಲ್ಲೂಕುಗಳನ್ನು ಕಿಟಕಿಯಿಂದಲೇ ನೋಡಿ ಮುಗಿಸುತ್ತಾರೆ. ಮರವಂತೆಯಲ್ಲಿ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ ಕಂಡಾಗ ಇಳಿದು ಫೋಟೊ ತೆಗೆಯುತ್ತಾರೆ. ಮಧ್ಯಾಹ್ನ ಮೂರು ಗಂಟೆಗೆ ಹಸಿವಾದಾಗ ಕಣ್ಣಿಗೆ ಬಿದ್ದ ಹೋಟೆಲಿಗೆ ನುಗ್ಗಿ ಫ್ರೈಡ್ ರೈಸ್, ಗೋಬಿ ಮಂಚೂರಿ ತಿಂದು ಗಾಡಿ ಹತ್ತುತ್ತಾರೆ. ಕರ್ನಾಟಕದಲ್ಲೇ ಬಾಯಿರುಚಿಗೆ ಹೆಸರಾದ ಒಂದು ಸೀಮೆಯನ್ನು ಹೀಗೆ ಹಸಿದ ಹೊಟ್ಟೆಯಲ್ಲೇ ದಾಟಿದಂತಾಗುತ್ತದೆ.

ಈ ಸೀಮೆಯ ಕೈರುಚಿ ಬೆಂಗಳೂರಿಗೆ ಹೊಸದಲ್ಲ. 1924ರಲ್ಲಿ ಆರಂಭವಾಗಿ, ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾದ ಹೋಟೆಲನ್ನು ಕಟ್ಟಿದ ಮಯ್ಯ ಸಹೋದರರು ಕೋಟದ ಬಳಿಯ ಪಾರಂಪಳ್ಳಿಯವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿ ಹುಟ್ಟಿದ್ದು ಅವರ ಅಡುಗೆಮನೆಯಲ್ಲಿ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನವನ್ನು 1943ರಲ್ಲಿ ತೆರೆದ ವೆಂಕಟರಮಣ ಉರಾಳರ ಊರು ಸಾಲಿಗ್ರಾಮ. ಪಾರಂಪಳ್ಳಿ, ಸಾಲಿಗ್ರಾಮ ಎರಡೂ ಇಂದು ಬ್ರಹ್ಮಾವರ ತಾಲ್ಲೂಕಿನಲ್ಲಿವೆ. ಗದ್ದೆಯ ಹುಟ್ಟುವಳಿ ಸಾಲದೆ ಘಟ್ಟ ಹತ್ತಿ, ಲೋಟ ತೊಳೆಯುವ ಕೆಲಸದಿಂದ ಶುರುಮಾಡಿ, ಕೊನೆಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವರು ಇಲ್ಲಿನ ಊರೂರಿನಲ್ಲೂ ಇದ್ದಾರೆ. ಕೋಟದಲ್ಲೇ ಹುಟ್ಟಿದ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಓದಿದವರಿಗೆ ಈ ಹೋಟೆಲ್ ವಲಸೆಯ ಹಿಂದಿನ ಬಡತನದ ಪರಿಚಯ ಇದ್ದೇ ಇರುತ್ತದೆ.

ಹಾಗಾದರೆ ಊರಿನಲ್ಲೇ ಚೆನ್ನಾಗಿ ಉಣ್ಣುವುದು ಎಲ್ಲಿ? ಹತ್ತು ಹೋಟೆಲುಗಳ ಪಟ್ಟಿ ಹಿಡಿದು ಬಂದರೆ ಈ ಪ್ರಶ್ನೆಗೆ ಪೂರ್ತಿ ಉತ್ತರ ಸಿಗುವುದಿಲ್ಲ. ಇಲ್ಲಿ ಊಟದ ರುಚಿ ಅರ್ಧದಷ್ಟು ಜಾಗದಲ್ಲಿದ್ದರೆ ಇನ್ನರ್ಧ ಹೊತ್ತಿನಲ್ಲಿದೆ. ದೋಣಿ ದಡ ಸೇರುವ ಹೊತ್ತು, ದೇವಸ್ಥಾನದ ಮಹಾಪೂಜೆಯ ಹೊತ್ತು, ಗದ್ದೆ ಕೊಯ್ಲಾಗುವ ಹೊತ್ತು, ಮಳೆ ಹಿಡಿಯುವ ಹೊತ್ತು ಇವನ್ನು ತಿಳಿದವರಿಗೆ ಮೂರು ತಾಲ್ಲೂಕಿನ ಯಾವ ಮೂಲೆಯಲ್ಲೂ ಊಟ ಸೋಲುವುದಿಲ್ಲ.

ಮೊದಲಿಗೆ ಕೋಳಿ. ‘ಕುಂದಾಪುರ ಶೈಲಿ’ ಎಂಬ ಬೋರ್ಡು ಇಂದು ಬೆಂಗಳೂರಿನ ಬೀದಿಬೀದಿಯಲ್ಲಿದೆ. ಅದಕ್ಕೆ ಬಹುಪಾಲು ಕಾರಣ ಚಿಕನ್ ಘೀ ರೋಸ್ಟ್. ಅದು ಹುಟ್ಟಿದ್ದು ಕುಂದಾಪುರ ಪೇಟೆಯ ಶೆಟ್ಟಿ ಲಂಚ್ ಹೋಮ್‌ನಲ್ಲಿ ಎಂಬುದು ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಮಾತು. 1957ರಿಂದ ನಡೆದುಬಂದ ಹೋಟೆಲ್ ಅದು. ಮೊಸರು, ಅರಿಸಿನದಲ್ಲಿ ನೆನೆಸಿದ ಕೋಳಿ, ಹುರಿದು ಅರೆದ ಬ್ಯಾಡಗಿ ಮೆಣಸು, ಬೆಳ್ಳುಳ್ಳಿ, ಹುಣಸೆಹುಳಿ, ತುಸು ಬೆಲ್ಲ. ಇವೆಲ್ಲ ತುಪ್ಪದಲ್ಲಿ ಹುರಿದು, ಮಸಾಲೆ ಒಣಗಿ, ತುಪ್ಪ ಬಾಣಲೆಯ ಅಂಚಿಗೆ ಬಿಡುವವರೆಗೆ ಕೈ ನಿಲ್ಲಿಸುವಂತಿಲ್ಲ. ಅದರ ಕೆಂಪು ಬ್ಯಾಡಗಿ ಮೆಣಸಿನದೇ ಆಗಿರಬೇಕು. ಬ್ಯಾಡಗಿ ಬಣ್ಣ ಹೆಚ್ಚು ಕೊಟ್ಟು ಖಾರ ಕಡಿಮೆ ಕೊಡುವ ಮೆಣಸು. ತಿಂದವರ ಕಣ್ಣಲ್ಲಿ ನೀರು ಬಂತೆಂದರೆ, ಬೆರಳಿಗೆ ಹತ್ತಿದ ಬಣ್ಣ ಸೋಪು ಹಾಕಿದರೂ ಹೋಗಲಿಲ್ಲವೆಂದರೆ, ಅದು ಬೇರೆ ಯಾವುದೋ ಪದಾರ್ಥ. ನಗರದ ಮೆನುಗಳಲ್ಲಿ ಪನೀರ್ ಘೀ ರೋಸ್ಟ್, ಅಣಬೆ ಘೀ ರೋಸ್ಟ್ ಎಂದೆಲ್ಲ ಬಂದಿವೆ. ಅವುಗಳ ಬಗ್ಗೆ ತಕರಾರೇನೂ ಇಲ್ಲ. ಆದರೆ ಮೂಲದ ಹದ ಗೊತ್ತಾಗಬೇಕಾದರೆ ಒಮ್ಮೆ ಕುಂದಾಪುರದಲ್ಲೇ ನೀರುದೋಸೆಯ ಜೊತೆ ತಿನ್ನಬೇಕು.

ಆದರೂ ಊರಿನವರ ಮನಸ್ಸಿನಲ್ಲಿ ಮೊದಲ ಸ್ಥಾನ ಘೀ ರೋಸ್ಟ್‌ಗಿಲ್ಲ, ಕೋಳಿ ಸಾರಿಗಿದೆ. ಮನೆಗೆ ಅಳಿಯ ಬಂದರೆ, ಮುಂಬೈಯಿಂದ ಮಗ ಬಂದರೆ, ಹಬ್ಬದ ಮಾರನೆಯ ದಿನವಾದರೆ ಆಗುವುದು ಅದೇ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸು ಒಂದೊಂದನ್ನೂ ಬೇರೆಬೇರೆಯಾಗಿ ಹುರಿಯಬೇಕು. ಮೆಂತ್ಯ ಒಂದು ಚೂರು ಹೆಚ್ಚು ಕಪ್ಪಾದರೂ ಇಡೀ ಸಾರು ಕಹಿ. ತುರಿದ ಕಾಯಿ, ಈರುಳ್ಳಿ, ಬೆಳ್ಳುಳ್ಳಿ ಸೇರಿಸಿ ನುಣ್ಣಗೆ ಅರೆದು, ಎರಡನೇ ಸಲ ಹಿಂಡಿದ ತೆಳು ಕಾಯಿಹಾಲಿನಲ್ಲಿ ಕೋಳಿ ಬೇಯಿಸಿ ಮಸಾಲೆ ಕೂಡಿಸುತ್ತಾರೆ. ಮೊದಲ ಹಿಂಡಿನ ದಪ್ಪ ಹಾಲು ಬೀಳುವುದು ಕೊನೆಗೆ, ಉರಿ ತಗ್ಗಿಸಿದ ಮೇಲೆ. ಅದು ಮಗುಚಿ ಕುದಿಯಿತೋ ಹಾಲು ಒಡೆಯಿತೆಂದೇ ಲೆಕ್ಕ. ಮಂಗಳೂರು ಕಡೆಯ ಕೋರಿ ಗಸಿಗಿಂತ ಇದು ತೆಳು. ತೆಳುವಾಗಿರುವುದೇ ಇದರ ಗುಣ, ಏಕೆಂದರೆ ಇದು ರೊಟ್ಟಿಗೆ ಇಳಿಯಬೇಕು. ಕುಚ್ಚಲಕ್ಕಿಯ ಗರಿಗರಿ ಒಣರೊಟ್ಟಿಯನ್ನು ತಟ್ಟೆಯಲ್ಲಿ ಮುರಿದು, ಮೇಲೆ ಬಿಸಿ ಸಾರು ಸುರಿದು, ಒಂದು ನಿಮಿಷ ಸುಮ್ಮನೆ ಬಿಡಬೇಕು. ಅಡಿಯ ರೊಟ್ಟಿ ಮೆತ್ತಗಾಗಿ ಮೇಲಿನದು ಇನ್ನೂ ಕುರುಕುರು ಅನ್ನುತ್ತಿರುವಾಗ ಕೈ ಹಾಕಿದರೆ ಸರಿಯಾದ ಹೊತ್ತು.

ಊರ ಕೋಳಿಯ ಸಾರು ಬೇಕೆಂದರೆ ಮೊದಲೇ ಹೇಳಿಡುವುದು ವಾಸಿ. ಹಾಲಾಡಿ, ಸಿದ್ದಾಪುರ, ವಂಡ್ಸೆ, ಕೊಲ್ಲೂರು ದಾರಿಯ ಸಣ್ಣ ಊಟದ ಮನೆಗಳಲ್ಲಿ ಬೆಳಿಗ್ಗೆ ಒಂದು ಮಾತು ಹೇಳಿದರೆ ಮಧ್ಯಾಹ್ನಕ್ಕೆ ಸಿಗುವ ಸಾಧ್ಯತೆ ಹೆಚ್ಚು. ಊರ ಕೋಳಿ ಬೇಯಲು ಹೊತ್ತು ಬೇಕು. ಹತ್ತು ನಿಮಿಷದಲ್ಲಿ ತಂದಿಟ್ಟರೆ ಅದು ಫಾರಂ ಕೋಳಿಯೇ.

ಮೀನಿನ ವಿಷಯಕ್ಕೆ ಬಂದರೆ ಹೊತ್ತಿನ ಮಾತು ಇನ್ನೂ ಖಡಕ್ಕು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಕುಂದಾಪುರದ ಬಳಿ ಒಂದಾಗಿ ಪಂಚಗಂಗಾವಳಿ ಎನಿಸಿಕೊಂಡು ಗಂಗೊಳ್ಳಿಯಲ್ಲಿ ಕಡಲು ಸೇರುತ್ತವೆ. ಸಿಹಿನೀರು, ಉಪ್ಪುನೀರು ಬೆರೆಯುವ ಇಂಥ ಅಳಿವೆಯಲ್ಲಿ ಸಿಗಡಿ, ಏಡಿ, ಕಾಣೆ, ತುಳುವರು ಮರುವಾಯಿ ಎನ್ನುವ ಚಿಪ್ಪು ಎಲ್ಲವೂ ಇವೆ. ಕಡಲ ಮೀನಿಗೆ ಗಂಗೊಳ್ಳಿ ಬಂದರು, ಬೈಂದೂರು ಕಡೆಗೆ ಕೊಡೇರಿ, ಬ್ರಹ್ಮಾವರ ಕಡೆಗೆ ಹಂಗಾರಕಟ್ಟೆ, ಕೋಡಿಬೆಂಗ್ರೆ. ಬೆಳಗಿನ ಹರಾಜಿನಲ್ಲಿ ಬುಟ್ಟಿ ಹಿಡಿದ ಹೆಂಗಸರು ಕೂಗುವ ವೇಗಕ್ಕೆ ಹೊಸಬರ ಕಿವಿ ಹೊಂದಿಕೊಳ್ಳುವುದೇ ಕಷ್ಟ. ಒಂಬತ್ತು ಗಂಟೆಗೆ ಮೊದಲೇ ಆ ಬುಟ್ಟಿಗಳು ಬಸ್ಸು, ಟೆಂಪೊ ಹತ್ತಿ ಒಳನಾಡಿನ ಮನೆಬಾಗಿಲುಗಳಿಗೆ ಹೊರಟಿರುತ್ತವೆ.

ಮೊಗವೀರರು, ಕೊಂಕಣಿ ಖಾರ್ವಿಗಳು ಮೀನನ್ನು ಬಲ್ಲವರು. ಅವರ ಕೇರಿಗಳ ಸುತ್ತಲಿನ ಊಟದ ಹೋಟೆಲುಗಳಲ್ಲಿ ಮೆನು ಕಾರ್ಡು ಇರುವುದಿಲ್ಲ. ‘ಇವತ್ತು ಯಾವ ಮೀನು’ ಎಂದು ಕೇಳುವುದೇ ಅಲ್ಲಿನ ರೀತಿ. ಬಂಗುಡೆ, ಬೈಗೆ (ಭೂತಾಯಿ) ಎಂದರೆ ಹಿಂದೆ ಮುಂದೆ ನೋಡಬೇಡಿ. ಅಂಜಲ್‌ಗೆ ದುಡ್ಡು ಜಾಸ್ತಿ, ಹೆಸರೂ ಜಾಸ್ತಿ. ಆದರೆ ಹುಳಿ, ಖಾರ ಹಾಕಿ ದಪ್ಪಗೆ ಬೇಯಿಸಿದ ಬೈಗೆಯ ಮುಂದೆ ಅಂಜಲ್ ತವಾ ಫ್ರೈ ಸಪ್ಪೆಯೇ. ಬಡವರ ಮೀನೆಂದು ಬೈಗೆಯನ್ನು ಬದಿಗೆ ಸರಿಸುವ ಪ್ರವಾಸಿಗರು ಈ ಕರಾವಳಿಯ ನಿಜವಾದ ರುಚಿಯೊಂದನ್ನು ಕಳೆದುಕೊಳ್ಳುತ್ತಿದ್ದಾರೆ.

ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಮೀನು ಮೊಟ್ಟೆ ಇಡುವ ಕಾಲ ಅದು. ಆಗ ಹೋಟೆಲಿನ ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿದ ದೊಡ್ಡ ಮೀನು ಹೊರಗಿನಿಂದ ಐಸಿನಲ್ಲಿ ಬಂದದ್ದು ಎಂದೇ ತಿಳಿಯಬೇಕು. ನಾಡದೋಣಿಯವರು ಕಡಲು ತಣ್ಣಗಿದ್ದ ದಿನ ತಂದ ಸಿಗಡಿ, ಹೊಳೆಯ ಮೀನು ಮಾತ್ರ ಆ ಎರಡು ತಿಂಗಳ ಸಾಚಾ ಮಾಲು. ಒಣಮೀನು ಹೊರಗೆ ಬರುವುದೂ ಆವಾಗಲೇ. ಕೆಂಡದಲ್ಲಿ ಸುಟ್ಟ ಒಣಮೀನು, ಒಂದು ಬಟ್ಟಲು ಗಂಜಿ, ಹೊರಗೆ ಬಿಡದೆ ಸುರಿಯುವ ಮಳೆ ಇದ್ದರೆ ಈ ಊರಿನವರಿಗೆ ಬೇರೆ ಏನೂ ಬೇಡ.

ಗಂಜಿ ಎಂದ ಮೇಲೆ ಅಕ್ಕಿಯ ಮಾತಿಗೆ ಬರಲೇಬೇಕು. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಆಮೇಲೆ ಕುಟ್ಟಿಸಿದ ಕೆಂಪು ಕುಚ್ಚಲಕ್ಕಿ ಇಲ್ಲಿನ ಮುಖ್ಯ ಆಹಾರ. ಕುಂದಾಪುರದ ಪಕ್ಕದ ಬಸ್ರೂರು ಒಂದು ಕಾಲದಲ್ಲಿ ಅಕ್ಕಿಯಿಂದಲೇ ಶ್ರೀಮಂತವಾದ ಬಂದರು. ಪೋರ್ಚುಗೀಸರ ಗೋವಾಕ್ಕೆ, ಅರಬ್ಬರ ಮಸ್ಕತ್ತಿಗೆ ಈ ಸೀಮೆಯ ಅಕ್ಕಿ ಹಡಗೇರುತ್ತಿತ್ತು. 1665ರಲ್ಲಿ ಶಿವಾಜಿ ಕಡಲ ದಾರಿಯಲ್ಲಿ ಬಂದು ಬಸ್ರೂರನ್ನು ದೋಚಿದ್ದೂ ಅದರ ಸಂಪತ್ತಿನ ಕಾರಣಕ್ಕೆ. ಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿಗಳು ಅಟ್ಟದ ಮೇಲೆ ಎಷ್ಟಿವೆ ಎಂಬುದರ ಮೇಲೆ ಮನೆತನದ ತೂಕ ಅಳೆಯುತ್ತಿದ್ದ ಕಾಲವೂ ಇತ್ತು. ಈಗ ಗದ್ದೆಗಳಲ್ಲಿ ಹೆಚ್ಚಿಗೆ ಕಾಣುವುದು ಕೇರಳದ ಮಂಕೊಂಬು ಕೇಂದ್ರದಿಂದ ಬಂದ ಎಂಒ4 ತಳಿ. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ನೆರೆ ತಡೆದುಕೊಳ್ಳುವ ಸಹ್ಯಾದ್ರಿ ಪಂಚಮುಖಿ ಎಂಬ ಕೆಂಪಕ್ಕಿ ತಳಿಯನ್ನು ಕೊಟ್ಟಿದೆ. ತಗ್ಗಿನ ಗದ್ದೆಯವರಿಗೆ ಅದು ದೊಡ್ಡ ಆಸರೆ.

ಬೇಸರದ ಸಂಗತಿಯೆಂದರೆ ಹೆದ್ದಾರಿಯ ಹೋಟೆಲುಗಳಲ್ಲಿ ಕುಚ್ಚಲಕ್ಕಿ ಅನ್ನ ಹಿಂದೆ ಸರಿಯುತ್ತಿದೆ. ಅದು ಬೇಯಲು ಹೊತ್ತು ಬೇಕು, ಉರುವಲು ಬೇಕು. ಘಟ್ಟದ ಮೇಲಿನ ಗಿರಾಕಿ ಬೆಳ್ತಿಗೆ ಅನ್ನವೇ ಕೇಳುತ್ತಾನೆ. ಹಾಗಾಗಿ ‘ಊಟ’ ಎಂದ ಕೂಡಲೇ ಎಲೆಗೆ ಬಿಳಿ ಅನ್ನ ಬೀಳುತ್ತದೆ. ಈ ಕಡೆಯ ಮೀನುಸಾರು, ಕೋಳಿಸಾರು, ಸೌತೆಕಾಯಿ ಹುಳಿ ಎಲ್ಲವೂ ಕುಚ್ಚಲಕ್ಕಿಯ ದಪ್ಪ ಅಗುಳಿಗೆಂದೇ ಹದಗೊಂಡವು. ಬಿಳಿ ಅನ್ನಕ್ಕೆ ಸುರಿದರೆ ಅದೇ ಸಾರು ನೀರುನೀರಾಗಿ ಕಾಣುತ್ತದೆ.

ಇನ್ನು ದೇವಸ್ಥಾನದ ಊಟ. ಮೂರು ತಾಲ್ಲೂಕುಗಳಲ್ಲಿ ಸಸ್ಯಾಹಾರದ ಅತ್ಯುತ್ತಮ ಊಟ ಸಿಗುವುದು ಮಧ್ಯಾಹ್ನದ ಮಹಾಪೂಜೆಯ ಗಂಟೆ ನಿಂತ ಮೇಲೆ. ಕುಂಭಾಶಿಯ ಆನೆಗುಡ್ಡೆ ವಿನಾಯಕ, ಮಂದಾರ್ತಿಯ ದುರ್ಗಾಪರಮೇಶ್ವರಿ, ಕಮಲಶಿಲೆಯ ಬ್ರಾಹ್ಮೀ ದುರ್ಗಾಪರಮೇಶ್ವರಿ, ಕೊಲ್ಲೂರಿನ ಮೂಕಾಂಬಿಕೆ, ಎಲ್ಲ ಕಡೆಯೂ ಬಂದವರಿಗೆ ಅನ್ನಪ್ರಸಾದ ಉಂಟು. ಜಾತಿ, ಊರು, ಕಾಸು ಯಾವುದನ್ನೂ ಕೇಳದೆ ಸಾವಿರಗಟ್ಟಲೆ ಜನರಿಗೆ ಬಡಿಸುವ ಈ ಅಡುಗೆಯಲ್ಲಿ ಹೆಚ್ಚುವರಿ ವೈಭವ ಏನೂ ಇರದು. ಅನ್ನ, ತೆಳು ಸಾರು, ಕುಂಬಳವೋ ಸೌತೆಯೋ ಬಿದ್ದ ಹುಳಿ, ಒಂದು ಪಲ್ಯ, ಪಾಯಸ, ಮಜ್ಜಿಗೆ. ಬಕೆಟ್ಟು ಹಿಡಿದ ಬಡಿಸುವವರು ಓಡುನಡಿಗೆಯಲ್ಲಿ ಬರುತ್ತಾರೆ, ಅನ್ನದ ಗುಡ್ಡೆಯಲ್ಲಿ ಬೆರಳಿನಿಂದ ಗುಳಿ ಮಾಡಿಟ್ಟುಕೊಳ್ಳದಿದ್ದರೆ ಸಾರು ಹರಿದು ಪಕ್ಕದವರ ಕಡೆಗೆ ಹೋಗುತ್ತದೆ. ಈ ಸಾರಿನ ರುಚಿಗೆ ಕಾರಣ ಹುಡುಕಿದರೆ ದೊಡ್ಡ ಕಡಾಯಿ, ಕಟ್ಟಿಗೆಯ ಉರಿ, ಆಗ ತಾನೆ ಅರೆದ ಕಾಯಿ, ಇಷ್ಟೇ ಸಿಗುತ್ತವೆ. ಕೊಲ್ಲೂರಿನಲ್ಲಿ ರಾತ್ರಿ ಉಳಿದವರು ಪೂಜೆಯ ಬಳಿಕ ಹಂಚುವ ಕಷಾಯ ತಪ್ಪಿಸಿಕೊಳ್ಳಬಾರದು. ಘಟ್ಟದ ಬುಡದ ತಂಪಿನಲ್ಲಿ ಆ ಶುಂಠಿಯ ಬಿಸಿ ಗಂಟಲಿಗೆ ಹಿತ.

ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಇಲ್ಲಿ ರಾತ್ರಿಯ ಊಟಕ್ಕೂ ಒಂದು ದಾರಿ ಇದೆ. ಅದು ಯಕ್ಷಗಾನ. ಮಂದಾರ್ತಿ, ಮಾರಣಕಟ್ಟೆ ಮೊದಲಾದ ಮೇಳಗಳ ಹರಕೆ ಆಟ ಆಡಿಸುವ ಮನೆಯವರು ಬಂದವರಿಗೆಲ್ಲ ಊಟ ಹಾಕುತ್ತಾರೆ. ಮಂದಾರ್ತಿ ಮೇಳದ ಆಟಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾದ ಮನೆಯವರಿಗೆ ಆ ರಾತ್ರಿ ಮದುವೆಯಷ್ಟೇ ಸಂಭ್ರಮ. ಗದ್ದೆಯಲ್ಲಿ ಚಪ್ಪರ, ಬಾಳೆಲೆ, ಸಾಲು ಸಾಲು ಜನ. ಗುರುತಿಲ್ಲದವರು ಸಂಕೋಚದಿಂದ ಬದಿಗೆ ನಿಂತರೆ, ‘ಹ್ವಾಯ್, ಉಂಡ್ಕಂಡೇ ಹೋಯ್ಕ್’ ಎಂದು ಕರೆದು ಕೂರಿಸುವುದು ಇಲ್ಲಿನ ರೂಢಿ. ನಡುರಾತ್ರಿ ನಿದ್ದೆ ತೂಗಿದರೆ ರಂಗಸ್ಥಳದ ಹಿಂದೆ ಗ್ಯಾಸ್‌ಲೈಟಿನ ಕಾಲದಿಂದಲೂ ಬಂದ ಚಾದಂಗಡಿ, ಚರುಮುರಿ, ಆಮ್ಲೆಟ್ ಇದ್ದೇ ಇವೆ.

ಮಳೆಗಾಲದಲ್ಲಿ ಮಾತ್ರ ಒಳ್ಳೆಯ ಊಟ ಹೋಟೆಲು ಬಿಟ್ಟು ಮನೆ ಸೇರುತ್ತದೆ. ಬೇಸಿಗೆಯಲ್ಲೇ ಮಾಡಿಟ್ಟ ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಮಾವಿನಮಿಡಿ, ಬಾಳೆನಾರಿನಲ್ಲಿ ಕಟ್ಟಿ ಅಡುಗೆಮನೆಯ ಮಾಡಿಗೆ ತೂಗುಹಾಕಿದ ಸೌತೆಕಾಯಿ ಒಂದೊಂದಾಗಿ ಇಳಿಯುತ್ತವೆ. ಹಿತ್ತಿಲಿನಲ್ಲಿ ಕೆಸು ಎದ್ದರೆ ಪತ್ರೊಡೆ, ಬಿದಿರಿನ ಮೊಳಕೆ ಸಿಕ್ಕರೆ ಕಳಲೆ ಪಲ್ಯ, ಒಂದೆಲಗ ಕಂಡರೆ ತಂಬುಳಿ. ಆಷಾಢದ ಅಮಾವಾಸ್ಯೆಯ ಬೆಳಿಗ್ಗೆ ಬರಿಹೊಟ್ಟೆಗೆ ಹಾಲೆಮರದ ತೊಗಟೆಯ ಕಹಿ ಕಷಾಯ ಕುಡಿದು, ಹೊಟ್ಟೆ ತಂಪಿಗೆ ಮೆಂತ್ಯದ ಗಂಜಿ ಉಣ್ಣುವ ಪದ್ಧತಿ ಇನ್ನೂ ಬಿಟ್ಟಿಲ್ಲ. 2019ರಿಂದ ಅದೇ ದಿನವನ್ನು ವಿಶ್ವ ಕುಂದಾಪ್ರ ಕನ್ನಡ ದಿನವಾಗಿ ಆಚರಿಸುತ್ತಿದ್ದಾರೆ. ಬೆಂಗಳೂರು, ಮುಂಬೈ, ದುಬೈಗಳಲ್ಲಿ ನೆಲೆಸಿದ ಈ ಊರಿನವರು ಆ ದಿನ ಒಂದೆಡೆ ಸೇರಿದರೆ ಮಾತು ಎಲ್ಲಿ ಶುರುವಾದರೂ ಕೊನೆಗೆ ಕೋಳಿಸಾರು, ಕಡುಬು, ಹಾಲುಬಾಯಿಗೆ ಬಂದು ನಿಲ್ಲುತ್ತದೆ. ಅಕ್ಕಿ, ಕಾಯಿ, ಬೆಲ್ಲ ಮೂರನ್ನೇ ಅರೆದು ಕಾಸಿ ತಟ್ಟೆಗೆ ಸುರಿದ ಹಾಲುಬಾಯಿ ಹೋಟೆಲಿನಲ್ಲಿ ಸಿಗುವುದು ಅಪರೂಪ. ಯಾರಾದರೂ ಮನೆಗೆ ಕರೆದರೆ ಇಲ್ಲವೆನ್ನಬಾರದು ಎನ್ನುವುದಕ್ಕೆ ಇದೊಂದೇ ಕಾರಣ ಸಾಕು.

ಗಂಗೊಳ್ಳಿ, ಕುಂದಾಪುರದ ಗೌಡ ಸಾರಸ್ವತರ ಮನೆಗಳ ದಾಳಿತೋಯ್, ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಕಡುಬು, ಬಾರ್ಕೂರು, ಬ್ರಹ್ಮಾವರ ಕಡೆಯ ಕ್ರೈಸ್ತರ ಸನ್ನ, ಕ್ರಿಸ್‌ಮಸ್ಸಿನ ಕುಸ್ವಾರ್ ಇವೆಲ್ಲ ಬೇರೆಯೇ ಬರಹಕ್ಕೆ ವಸ್ತು.

ಕೈಯಲ್ಲಿ ಸಮಯ ಕಡಿಮೆ ಇದ್ದವರಿಗೂ ಹೆದ್ದಾರಿ ಬದಿಯಲ್ಲೇ ಒಂದಿಷ್ಟು ಸಿಗುತ್ತದೆ. ಭತ್ತದ ಕೊಯ್ಲಾದ ಮೇಲೆ ನಾವುಂದ, ಕಿರಿಮಂಜೇಶ್ವರ, ನಾಗೂರು ಸುತ್ತಿನ ಮರಳುಗದ್ದೆಗಳಲ್ಲಿ ಕಲ್ಲಂಗಡಿ, ನೆಲಗಡಲೆ ಬೆಳೆಯುತ್ತಾರೆ. ಬೇಸಿಗೆಯಲ್ಲಿ ಬೆಳೆಗಾರರೇ ಗದ್ದೆಯಂಚಿನಲ್ಲಿ ರಾಶಿ ಹಾಕಿ ಕುಳಿತಿರುತ್ತಾರೆ. ಪೇಟೆಯ ತಂಪು ಪಾನೀಯದ ಬದಲು ಅಲ್ಲೊಂದು ಹಣ್ಣು ಕೊಯ್ಸಿ ತಿಂದರೆ ದುಡ್ಡು ನೇರವಾಗಿ ರೈತನ ಕೈಗೆ ಹೋಗುತ್ತದೆ. ಎಳನೀರಿಗೆ ಇಲ್ಲಿ ‘ಬೊಂಡ’ ಎಂದೇ ಕೇಳಬೇಕು. ವೃಶ್ಚಿಕ ಮಾಸದ ಹುಣ್ಣಿಮೆಯ ಹೊತ್ತಿಗೆ ಬಂದರೆ ಕೋಟೇಶ್ವರದ ಕೋಡಿಹಬ್ಬ. ಹೊಸದಾಗಿ ಮದುವೆಯಾದವರು ಕಬ್ಬಿನ ಕೋಡಿ ಕೊಂಡು ಮನೆಗೆ ಒಯ್ಯುವ ಆ ತೇರುಪೇಟೆಯಲ್ಲಿ ಮಿಠಾಯಿ, ಗೋಳಿಬಜೆಗಳಿಗೆ ಬರವಿಲ್ಲ.

ಬರುವವರಿಗೆ ಕೊನೆಯದಾಗಿ ಕೆಲವು ಮಾತು. ಊಟದ ಹೋಟೆಲುಗಳಲ್ಲಿ ಅಡುಗೆ ಬಿಸಿಯಾಗಿರುವುದು ಹನ್ನೆರಡೂವರೆಯಿಂದ ಎರಡರವರೆಗೆ, ಎರಡೂವರೆಯ ಮೇಲೆ ಮೀನು ಖಾಲಿ. ಕೋಳಿರೊಟ್ಟಿಗೆ ರಾತ್ರಿಯೂ ಆದೀತು, ಮೀನಿನೂಟಕ್ಕೆ ಮಧ್ಯಾಹ್ನವೇ ಸರಿ. ತಾಜಾ ಕಡಲ ಮೀನು ಬೇಕಾದವರು ಆಗಸ್ಟ್ ಕಳೆದು ಬನ್ನಿ, ಆಟದ ಊಟ ಬೇಕಾದವರು ಡಿಸೆಂಬರಿನಿಂದ ಮೇ ನಡುವೆ ಬನ್ನಿ. ಯಾವ ಹೋಟೆಲಿಗೆ ಹೋದರೂ ಕುಳಿತ ಕೂಡಲೇ ‘ಕುಚ್ಚಲಕ್ಕಿ ಅನ್ನ ಇದೆಯಾ’ ಎಂದು ಒಂದು ಮಾತು ಕೇಳಿ. ಇಲ್ಲವೆಂದರೂ ಕೇಳಿ. ದಿನಕ್ಕೆ ಹತ್ತು ಗಿರಾಕಿಗಳು ಹೀಗೆ ಕೇಳಿದರೆ ಹೋಟೆಲಿನವರು ಮರುವಾರವೇ ಒಲೆಯ ಮೇಲೆ ಇನ್ನೊಂದು ಪಾತ್ರೆ ಇಡುತ್ತಾರೆ.